ಸಹಿ ಹಾಕದಿದ್ದರೆ ಹೆದ್ದಾರಿಗೆ ಜಮೀನು ಹೋಗುವುದಿಲ್ಲವೇ?

ಪ್ರಶ್ನೆ: ನಮ್ಮ ಎರಡು ಎಕರೆ ಗದ್ದೆ ರಾಷ್ಟ್ರೀಯ ಹೆದ್ದಾರಿಗೆ ಹೋಗುತ್ತದೆಂದು ನೋಟಿಸ್ ಬಂದಿದೆ. ನಾವು ಯಾವ ಕಾಗದಕ್ಕೂ ಸಹಿ ಹಾಕಿಲ್ಲ, ಪರಿಹಾರದ ಹಣವನ್ನು ಮುಟ್ಟಿಲ್ಲ, ಪಹಣಿಯಲ್ಲಿ ಇಂದಿಗೂ ನಮ್ಮ ಹೆಸರೇ ಇದೆ. ಹೀಗಿರುವಾಗ ಜಮೀನು ಕಾನೂನಿನ ಪ್ರಕಾರ ನಮ್ಮದೇ ಅಲ್ಲವೇ?

ಉತ್ತರ: ಊರು ಮತ್ತು ಸರ್ವೆ ನಂಬರ್ ಬದಲಾಗುತ್ತವೆಯೇ ಹೊರತು ಈ ಪ್ರಶ್ನೆ ಬದಲಾಗುವುದಿಲ್ಲ. ಎಷ್ಟೋ ಸಲ ಉತ್ತರಿಸಿದ್ದರೂ ಮತ್ತೆ ಬರುತ್ತಿರುವುದರಿಂದ ಈ ಬಾರಿ ಬುಡದಿಂದಲೇ ಹೇಳುತ್ತೇನೆ. 3ಡಿ ಅಧಿಸೂಚನೆ, ಎಂದರೆ ಜಮೀನನ್ನು ಸರ್ಕಾರಕ್ಕೆ ಸೇರಿಸುವ ಅಂತಿಮ ಪ್ರಕಟಣೆ, ಇನ್ನೂ ಆಗಿಲ್ಲದಿದ್ದರೆ ಜಮೀನು ನಿಮ್ಮದು. ಆಗಿದ್ದರೆ, ನೀವು ಸಹಿ ಹಾಕಿದ್ದರೂ ಹಾಕದಿದ್ದರೂ, ಅದು ನಿಮ್ಮದಲ್ಲ.

ರಾಷ್ಟ್ರೀಯ ಹೆದ್ದಾರಿಗೆ ಜಮೀನು ತೆಗೆದುಕೊಳ್ಳುವುದು 1956ರ ರಾಷ್ಟ್ರೀಯ ಹೆದ್ದಾರಿಗಳ ಕಾಯ್ದೆಯ ಅಡಿಯಲ್ಲಿ. ಅದರ 3ಎ ಕಲಮಿನ ಅಧಿಸೂಚನೆ ಸರ್ಕಾರದ ಉದ್ದೇಶವನ್ನು ಮಾತ್ರ ತಿಳಿಸುತ್ತದೆ. ಅದು ಪ್ರಕಟವಾದ 21 ದಿನಗಳೊಳಗೆ 3ಸಿ ಕಲಮಿನಂತೆ ಸಕ್ಷಮ ಪ್ರಾಧಿಕಾರಕ್ಕೆ, ಎಂದರೆ ನಮ್ಮ ಜನ ‘ಎಸ್‌ಎಲ್‌ಎಓ ಸಾಹೇಬರು’ ಎನ್ನುವ ವಿಶೇಷ ಭೂಸ್ವಾಧೀನಾಧಿಕಾರಿಗೆ, ಲಿಖಿತ ಆಕ್ಷೇಪಣೆ ಸಲ್ಲಿಸಬೇಕು. ಆಕ್ಷೇಪಣೆ ತಳ್ಳಿಹೋದ ಮೇಲೆ ಕೇಂದ್ರ ಸರ್ಕಾರ 3ಡಿ ಅಧಿಸೂಚನೆಯನ್ನು ಹೊರಡಿಸುತ್ತದೆ, ಮತ್ತು ಅದು ಪ್ರಕಟವಾದ ಕ್ಷಣದಲ್ಲೇ ಜಮೀನು ಎಲ್ಲ ಋಣಭಾರಗಳಿಂದ ಮುಕ್ತವಾಗಿ ಪೂರ್ತಿಯಾಗಿ ಕೇಂದ್ರ ಸರ್ಕಾರದಲ್ಲಿ ನಿಹಿತವಾಗುತ್ತದೆ, ಎಂದರೆ ಅದರ ಒಡೆತನ ಸರ್ಕಾರಕ್ಕೆ ಸೇರುತ್ತದೆ. ಈ ಹಾದಿಯಲ್ಲಿ ಎಲ್ಲಿಯೂ ರೈತನ ಸಹಿ ಬೇಕೆಂದು ಕಾಯ್ದೆ ಹೇಳಿಲ್ಲ. ಪಹಣಿಯ 9ನೇ ಕಲಂನಲ್ಲಿ ನಿಮ್ಮ ಹೆಸರು ಇನ್ನೂ ಉಳಿದಿರುವುದಕ್ಕೆ ಕಾರಣ ಮ್ಯುಟೇಷನ್ (ದಾಖಲೆಯಲ್ಲಿ ಹಕ್ಕು ಬದಲಾವಣೆ) ಆಗಿಲ್ಲವೆಂಬುದಷ್ಟೇ. ಕಂದಾಯ ಇಲಾಖೆಯ ಕಾಗದ ನಿಧಾನವಾಗಿ ನಡೆಯುತ್ತದೆಂದು 3ಡಿ ಕಾಯುತ್ತ ಕೂರುವುದಿಲ್ಲ.

‘ಹಣವನ್ನೇ ಪಡೆಯದಿದ್ದರೆ ಸ್ವಾಧೀನ ಹೇಗೆ ಪೂರ್ತಿಯಾಗುತ್ತದೆ’ ಎಂಬುದು ಇದರ ಬೆನ್ನಿಗೇ ಬರುವ ವಾದ. 3ಇ ಕಲಮನ್ನು ಗಮನವಿಟ್ಟು ಓದಬೇಕು. ಜಮೀನು ನಿಹಿತವಾಗಿ, ನಿಗದಿಯಾದ ಮೊತ್ತವನ್ನು 3ಎಚ್ ಕಲಮಿನಂತೆ ಸಕ್ಷಮ ಪ್ರಾಧಿಕಾರದ ಬಳಿ ಠೇವಣಿ ಇಟ್ಟ ಮೇಲೆ 60 ದಿನಗಳ ನೋಟಿಸ್ ಕೊಟ್ಟು ಕಬ್ಜೆ ಬಿಟ್ಟುಕೊಡುವಂತೆ ಕೇಳಬಹುದು, ಬಿಡದಿದ್ದರೆ ಜಿಲ್ಲಾಧಿಕಾರಿಯ ಮೂಲಕ ಬಿಡಿಸಬಹುದು ಎಂದು ಅದು ಹೇಳುತ್ತದೆ. ಹಣ ತಲುಪಬೇಕಾದದ್ದು ಅಧಿಕಾರಿಯ ಖಾತೆಗೆ, ನಿಮ್ಮ ಕೈಗಲ್ಲ. ನೀವು ಮುಟ್ಟದ ಹಣ ಅಲ್ಲಿಯೇ ಇರುತ್ತದೆ. ಜೆಸಿಬಿ ಮಾತ್ರ ಗದ್ದೆಗೆ ಬರುತ್ತದೆ.

ಈ ನಂಬಿಕೆ ಸುಮ್ಮನೆ ಹುಟ್ಟಿದ್ದಲ್ಲ ಎಂಬುದನ್ನು ಒಪ್ಪಬೇಕು. 2014ರ ಜನವರಿ 1ರಿಂದ ಜಾರಿಗೆ ಬಂದ ಹೊಸ ಭೂಸ್ವಾಧೀನ ಕಾಯ್ದೆಯಲ್ಲಿ ಖಾಸಗಿ ಕಂಪನಿಗಳಿಗಾಗಿ ಜಮೀನು ತೆಗೆಯುವಾಗ ಶೇ. 80ರಷ್ಟು, ಸರ್ಕಾರಿ–ಖಾಸಗಿ ಸಹಭಾಗಿತ್ವದ ಯೋಜನೆಗಳಿಗೆ ಶೇ. 70ರಷ್ಟು ಸಂತ್ರಸ್ತರ ಒಪ್ಪಿಗೆ ಬೇಕೆಂಬ ನಿಯಮವಿದೆ. ಸಭೆಗಳಲ್ಲಿ ಇದನ್ನೇ ಹೆದ್ದಾರಿಗೂ ಅನ್ವಯಿಸಿ ಭಾಷಣ ಮಾಡುವವರಿದ್ದಾರೆ. ಆದರೆ ಹೆದ್ದಾರಿ ಕಾಯ್ದೆ ಆ ಕಾನೂನಿನ ನಾಲ್ಕನೆಯ ಅನುಸೂಚಿಯಲ್ಲಿದೆ, ಎಂದರೆ ಆ ಕಾನೂನು ನೇರವಾಗಿ ಅನ್ವಯಿಸದ ಕಾಯ್ದೆಗಳ ಪಟ್ಟಿಯಲ್ಲಿದೆ. ಅಲ್ಲಿಂದ ಹೆದ್ದಾರಿ ರೈತನಿಗೆ ದಕ್ಕಿದ್ದು ಪರಿಹಾರ ಮತ್ತು ಪುನರ್ವಸತಿಯ ಲೆಕ್ಕ ಮಾತ್ರ, ಅದೂ 2015ರಿಂದ. ಒಪ್ಪಿಗೆಯ ನಿಯಮವಾಗಲಿ ಸಾಮಾಜಿಕ ಪರಿಣಾಮದ ಅಧ್ಯಯನವಾಗಲಿ ದಕ್ಕಲಿಲ್ಲ.

ಇನ್ನೊಂದು ಬೇರು ಇದಕ್ಕಿಂತ ಆಳದಲ್ಲಿದೆ. ಆ ಹೊಸ ಕಾಯ್ದೆಯ 24ನೇ ಕಲಮಿನ ಪ್ರಕಾರ, 1894ರ ಹಳೆಯ ಕಾನೂನಿನಡಿ ಐತೀರ್ಪು (ಪರಿಹಾರ ನಿಗದಿಪಡಿಸುವ ಆದೇಶ) ಆಗಿ ಐದು ವರ್ಷ ಕಳೆದಿದ್ದ ಕೆಲವು ಪ್ರಕರಣಗಳು ರದ್ದಾಗುವ ಅವಕಾಶವಿತ್ತು. 2014ರಲ್ಲಿ ಪುಣೆ ಮಹಾನಗರಪಾಲಿಕೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಖಜಾನೆಯಲ್ಲಿ ಹಣ ಇಟ್ಟ ಮಾತ್ರಕ್ಕೆ ರೈತನಿಗೆ ಪಾವತಿಸಿದಂತಾಗುವುದಿಲ್ಲ ಎಂದಿತು. ಹಣ ಮುಟ್ಟದವರ ಜಮೀನು ಉಳಿಯಿತು ಎಂಬ ಸುದ್ದಿ ಹಳ್ಳಿಹಳ್ಳಿಗೆ ಹಬ್ಬಿದ್ದು ಆಗಲೇ. 2020ರ ಮಾರ್ಚ್ 6ರಂದು ಇಂದೋರ್ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಆ ತೀರ್ಪನ್ನು ತಳ್ಳಿಹಾಕಿ, ಕೊಡಲು ಬಂದ ಹಣವನ್ನು ಬೇಡವೆಂದವನು ಆಮೇಲೆ ಹಣ ಕೊಟ್ಟಿಲ್ಲವೆಂದು ಸ್ವಾಧೀನ ರದ್ದತಿಯನ್ನು ಕೇಳಲಾಗದು ಎಂದಿತು. ಈ ಎರಡನೆಯ ಸುದ್ದಿ ಹಳ್ಳಿಗೆ ತಲುಪಲೇ ಇಲ್ಲ. ಅಲ್ಲದೆ 24ನೇ ಕಲಮು 1894ರ ಕಾನೂನಿನ ಪ್ರಕರಣಗಳಿಗೆ ಸಂಬಂಧಿಸಿದ್ದೇ ಹೊರತು ಹೆದ್ದಾರಿ ಕಾಯ್ದೆಗಲ್ಲ.

‘ಹಾಗಾದರೆ ದೇವನಹಳ್ಳಿಯಲ್ಲಿ ಹೇಗೆ ಬಿಟ್ಟರು, ಸೇಲಂನಲ್ಲಿ ಹೇಗೆ ನಿಂತಿತು’ ಎಂದು ಕೇಳುವವರಿಗೆ ಒಂದೊಂದಾಗಿ ಹೇಳುತ್ತೇನೆ. ದೇವನಹಳ್ಳಿಯ ಚನ್ನರಾಯಪಟ್ಟಣ ಹೋಬಳಿಯ 1,777 ಎಕರೆ ಕೆಐಎಡಿಬಿ (ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ) ಮೂಲಕ ರಾಜ್ಯ ಸರ್ಕಾರ ತೆಗೆಯಹೊರಟಿದ್ದ ಜಮೀನು. ವರ್ಷಗಟ್ಟಲೆ ಧರಣಿ ಕೂತ ರೈತರ ಒತ್ತಡಕ್ಕೆ ಮಣಿದು 2025ರ ಜುಲೈ 15ರಂದು ರಾಜ್ಯ ಸರ್ಕಾರವೇ ಅದನ್ನು ಕೈಬಿಟ್ಟಿತು. ಅದು ರಾಜಕೀಯ ಗೆಲುವು, ದೊಡ್ಡ ಗೆಲುವೇ. ಆದರೆ ಕಾಯ್ದೆಯೂ ಬೇರೆ, ಸರ್ಕಾರವೂ ಬೇರೆ.

ಸೇಲಂ–ಚೆನ್ನೈ ಎಂಟು ಪಥದ ಹೆದ್ದಾರಿ 277 ಕಿ.ಮೀ. ಉದ್ದದ ಯೋಜನೆ. 2019ರ ಏಪ್ರಿಲ್ 8ರಂದು ಮದ್ರಾಸ್ ಹೈಕೋರ್ಟ್ ಅದರ ಸ್ವಾಧೀನ ಅಧಿಸೂಚನೆಗಳನ್ನು ರದ್ದುಪಡಿಸಿದ್ದು ರೈತರು ಸಹಿ ಹಾಕಲಿಲ್ಲವೆಂದಲ್ಲ; ಅಲ್ಲಿ ಮುಖ್ಯವಾದದ್ದು ಪರಿಸರ ಅನುಮತಿಯ ಪ್ರಶ್ನೆ. 2020ರ ಡಿಸೆಂಬರ್ 8ರಂದು ಸುಪ್ರೀಂ ಕೋರ್ಟ್ 3ಎ ಅಧಿಸೂಚನೆಗಳನ್ನು ಮತ್ತೆ ಎತ್ತಿಹಿಡಿಯಿತು. ಆದರೆ 3ಎ ಆದ ಕೂಡಲೇ ಕಂದಾಯ ದಾಖಲೆಗಳಲ್ಲಿ ಮಾಡಿದ್ದ ಹಕ್ಕು ಬದಲಾವಣೆಯನ್ನು ಅದು ಒಪ್ಪಲಿಲ್ಲ. ಹೋರಾಟಗಾರರು ನಿಜವಾಗಿ ಕಲಿಯಬೇಕಾದದ್ದು ಇಲ್ಲಿದೆ: ಕೇವಲ 3ಎ ತೋರಿಸಿ ನಿಮ್ಮ ಪಹಣಿಯನ್ನು ತಿದ್ದಿದ್ದರೆ ಅದನ್ನು ಪ್ರಶ್ನಿಸಬಹುದು.

ಹಣ ಮುಟ್ಟದಿದ್ದ ಮಾತ್ರಕ್ಕೆ ಸ್ವಾಧೀನ ನಿಲ್ಲುವುದಿಲ್ಲ ಎಂಬ ಪಾಠವನ್ನೇ ನಮ್ಮ ಬೆಳಗಾವಿಯ ಹಲಗಾ–ಮಚ್ಛೆ ಬೈಪಾಸ್ ಕೂಡ ಹೇಳುತ್ತದೆ. ಹತ್ತು ಕಿಲೋಮೀಟರಿಗೂ ಕಡಿಮೆ ಉದ್ದದ ಆ ರಸ್ತೆ ಶಹಾಪುರ, ಯಳ್ಳೂರು ಕಡೆಯ ಫಲವತ್ತಾದ ಭತ್ತದ ಗದ್ದೆಗಳ ಮೇಲೆ ಹಾದುಹೋಗಬೇಕಿತ್ತು. 2021ರ ನವೆಂಬರ್‌ನಲ್ಲಿ ಪೊಲೀಸ್ ಬಂದೋಬಸ್ತಿನಲ್ಲಿ ಯಂತ್ರಗಳು ಗದ್ದೆಗಿಳಿದಾಗ ಹಣ ಪಡೆಯದ ರೈತನ ಗದ್ದೆಯೆಂದು ಯಾವ ಯಂತ್ರವೂ ಪಕ್ಕಕ್ಕೆ ಸರಿಯಲಿಲ್ಲ. ಕೆಲಸಕ್ಕೆ ಅಡ್ಡ ನಿಂತದ್ದು ನ್ಯಾಯಾಲಯದ ತಡೆ.

ಆದ್ದರಿಂದ ಯೋಜನೆಯನ್ನೇ ವಿರೋಧಿಸುವವರು ಆ 21 ದಿನಗಳನ್ನು ಕಳೆದುಕೊಳ್ಳಬಾರದು. ಬಹುತೇಕ ಆಕ್ಷೇಪಣೆಗಳಲ್ಲಿ ‘ಎಕರೆಗೆ ಇಷ್ಟು ಕೋಟಿ ಕೊಡಿ’ ಎಂದು ಬರೆದಿರುತ್ತದೆ. 3ಸಿ ಹಣದ ಕಲಮಲ್ಲ. ಈ ಜಮೀನು ಈ ಉದ್ದೇಶಕ್ಕೆ ಏಕೆ ಬೇಡ, ಪಕ್ಕದಲ್ಲಿ ಸರ್ಕಾರಿ ಜಮೀನು ಅಥವಾ ಹಳೆಯ ರಸ್ತೆ ಇದೆಯೇ, ಕೆರೆ ಕಾಲುವೆಗಳ ನೀರಿನ ಹರಿವು ಎಲ್ಲಿ ಕಡಿದುಹೋಗುತ್ತದೆ ಎಂಬುದನ್ನು ನಕ್ಷೆಯ ಸಮೇತ ಬರೆಯಬೇಕು, ಸ್ವೀಕೃತಿ ಪಡೆಯಬೇಕು, ಖುದ್ದು ವಿಚಾರಣೆಗೆ ಹೋಗಬೇಕು. 3ಎ ಆದ ಒಂದು ವರ್ಷದೊಳಗೆ 3ಡಿ ಆಗದಿದ್ದರೆ, ನ್ಯಾಯಾಲಯದ ತಡೆಯಿದ್ದ ಅವಧಿಯನ್ನು ಬಿಟ್ಟು, 3ಎ ತಾನಾಗಿ ಬಿದ್ದುಹೋಗುತ್ತದೆ ಎಂಬುದನ್ನೂ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಬೇಕು.

ಹಣದ ಜಗಳಕ್ಕೆ ಬೇರೆ ಬಾಗಿಲಿದೆ. ಐತೀರ್ಪಿನ ಮೊತ್ತ ಒಪ್ಪಿಗೆಯಾಗದಿದ್ದರೆ 3ಜಿ(5)ರಂತೆ ಕೇಂದ್ರ ಸರ್ಕಾರ ನೇಮಿಸಿದ ಮಧ್ಯಸ್ಥಗಾರರಿಗೆ, ಬಹಳಷ್ಟು ಕಡೆ ಜಿಲ್ಲಾಧಿಕಾರಿಗೆ, ಅರ್ಜಿ ಸಲ್ಲಿಸಬಹುದು. ‘ಆಕ್ಷೇಪಣೆಯೊಡನೆ ಪಡೆದಿದ್ದೇನೆ’ ಎಂದು ಬರೆದು ಹಣ ಪಡೆದರೆ ಹೆಚ್ಚಿನ ಪರಿಹಾರ ಕೇಳಲು ಅಡ್ಡಿಯಿಲ್ಲ. ಮಾರುಕಟ್ಟೆ ಮೌಲ್ಯದ ಮೇಲೆ ಶೇ. 100ರಷ್ಟು ಸಾಂತ್ವನ ಧನ, ಎಂದರೆ ಪರಿಹಾರದ ಜೊತೆಗೆ ಕೊಡುವ ಹೆಚ್ಚುವರಿ ಮೊತ್ತ, ಈಗ ಹೆದ್ದಾರಿ ರೈತನಿಗೂ ಸಿಗುತ್ತದೆ. ಆದರೆ ಆ ಮೌಲ್ಯ 3ಎ ದಿನಾಂಕದ್ದು. ಸ್ಟ್ಯಾಂಪ್ ಶುಲ್ಕ ಉಳಿಸಲು ಊರಿನವರೆಲ್ಲ ಕ್ರಯಪತ್ರದಲ್ಲಿ ಕಡಿಮೆ ಬೆಲೆ ಬರೆಸಿದ್ದರ ಫಲವೂ ಅದರಲ್ಲಿ ಸೇರಿರುತ್ತದೆ.

ಸಹಿ ಹಾಕುವುದಿಲ್ಲವೆಂಬ ಹಟದಲ್ಲಿ ನಿಜವಾದ ನಷ್ಟವಾಗುವುದು ಜಂಟಿ ಅಳತೆಯ ದಿನ, ಎಂದರೆ ಅಧಿಕಾರಿಗಳು ಗದ್ದೆಗೆ ಬಂದು ಜಮೀನು ಮತ್ತು ಅದರಲ್ಲಿರುವುದನ್ನು ಅಳೆದು ಪಟ್ಟಿ ಮಾಡುವ ದಿನ. ಅಂದು ರೈತ ಗದ್ದೆಯಲ್ಲಿ ಇಲ್ಲದಿದ್ದರೂ ಅಳತೆ ನಡೆಯುತ್ತದೆ; ಬಿಟ್ಟುಹೋಗುವುದು ಬೋರ್‌ವೆಲ್, ನೆಲದಡಿಯ ಪೈಪ್‌ಲೈನ್, ಬದುವಿನ ತೇಗ, ಹತ್ತು ವರ್ಷದ ಮಾವು. ಪಂಚನಾಮೆಯಲ್ಲಿ ಬರೆಯದ ಮರಕ್ಕೆ ತೋಟಗಾರಿಕೆ ಇಲಾಖೆ ಬೆಲೆ ಕಟ್ಟುವುದಿಲ್ಲ. ವಿರೋಧವನ್ನು ಬರವಣಿಗೆಯಲ್ಲಿ ದಾಖಲಿಸಿ, ಅಳತೆಗೆ ಮಾತ್ರ ತಪ್ಪದೆ ಹಾಜರಿರಿ.

ಯಾರೂ ಕೇಳದಿದ್ದರೂ ಇನ್ನೊಂದು ಮಾತು ಹೇಳಲೇಬೇಕು, ಏಕೆಂದರೆ ಠೇವಣಿಯಲ್ಲಿ ಕೊಳೆಯುವ ಹಣದ ಬಹುಪಾಲು ಹೋರಾಟಕ್ಕೆ ಸಂಬಂಧಿಸಿದ್ದಲ್ಲ. ಪಹಣಿಯಲ್ಲಿ ತೀರಿಕೊಂಡ ಅಜ್ಜನ ಹೆಸರು, ಅನುಭೋಗದಲ್ಲಿ ಮೂವರು ಮಕ್ಕಳು, ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರು ಎಲ್ಲಿಯೂ ಇಲ್ಲ: ಇಂಥ ಕುಟುಂಬ ಪ್ರತಿ ಹಳ್ಳಿಯಲ್ಲಿದೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಂತೆ ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಪಾಲು; ಆ ವರ್ಷದಲ್ಲಿ ತಂದೆ ಬದುಕಿರಬೇಕಿರಲಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಪಾಲಿನ ಬಗ್ಗೆ ಒಬ್ಬರು ತಕರಾರು ತೆಗೆದರೂ 3ಎಚ್(4)ರಂತೆ ವಿಷಯ ಸಿವಿಲ್ ನ್ಯಾಯಾಲಯಕ್ಕೆ ಹೋಗುತ್ತದೆ, ರಸ್ತೆಯ ಮೇಲೆ ವಾಹನ ಓಡಾಡಲು ಶುರುವಾದ ಮೇಲೂ ಹಣ ಅಲ್ಲಿಯೇ ಉಳಿಯುತ್ತದೆ. ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷದೊಡನೆ ಪೌತಿ ಖಾತೆಗೆ (ತೀರಿಕೊಂಡವರ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸುವುದಕ್ಕೆ) ನಾಡಕಚೇರಿಯಲ್ಲಿ ಅರ್ಜಿ ಕೊಡಿ, ಅಕ್ಕತಂಗಿಯರನ್ನು ಕೂರಿಸಿಕೊಂಡು ಪಾಲಿನ ಮಾತು ಮುಗಿಸಿ. ಹೆದ್ದಾರಿ ನಿಮ್ಮೂರಿಗೆ ಬರದಿದ್ದರೂ ಇದು ಆಗಬೇಕಾದ ಕೆಲಸವೇ.