ಪಾಲಿಂಪ್ಸೆಸ್ಟ್: ಅಳಿಸಿದರೂ ಉಳಿದ ಬರಹ

ಹೆಸರು ಕೇಳಿದರೆ ನಾಲಿಗೆ ತೊಡರುತ್ತದೆ, ಅರ್ಥ ಮಾತ್ರ ಸುಲಭ. ಗ್ರೀಕಿನಲ್ಲಿ ‘ಪಾಲಿನ್’ ಅಂದರೆ ಮತ್ತೆ, ‘ಪ್ಸೇಸ್ತೋಸ್’ ಅಂದರೆ ಕೆರೆದದ್ದು. ಹಳೆಯ ಬರಹವನ್ನು ಕೆರೆದು, ಅದೇ ಹಾಳೆಯ ಮೇಲೆ ಹೊಸದಾಗಿ ಬರೆದ ಪ್ರತಿಗೆ ಪಾಲಿಂಪ್ಸೆಸ್ಟ್ ಎನ್ನುತ್ತಾರೆ.

ಯಾಕೆ ಕೆರೆಯುತ್ತಿದ್ದರು? ಆಗಿನ ಹಾಳೆ ಕುರಿ, ಮೇಕೆ, ಕರುವಿನ ಚರ್ಮದ್ದು. ಒಂದು ಪುಸ್ತಕಕ್ಕೆ ಎಷ್ಟೋ ಪ್ರಾಣಿಗಳ ಚರ್ಮ ಬೇಕು. ಹಾಗಾಗಿ ಯಾರೂ ಓದದ ಪುಸ್ತಕ ಸಿಕ್ಕರೆ ಶಾಯಿ ತೊಳೆದು, ಉಜ್ಜಿ, ಮತ್ತೆ ಬಳಸುತ್ತಿದ್ದರು. ಆದರೆ ಚರ್ಮ ಸ್ಲೇಟಿನ ಹಾಗಲ್ಲ. ಶಾಯಿ ಒಳಗೆ ಇಳಿದಿರುತ್ತದೆ, ಪೂರ್ತಿ ಹೋಗುವುದಿಲ್ಲ.

ಇದಕ್ಕೆ ಆರ್ಕಿಮಿಡೀಸನ ಪ್ರತಿಗಿಂತ ದೊಡ್ಡ ಉದಾಹರಣೆ ನನಗೆ ಗೊತ್ತಿಲ್ಲ. ಅವನ ಕೃತಿಗಳನ್ನು 10ನೇ ಶತಮಾನದಲ್ಲಿ ಯಾರೋ ಚರ್ಮದ ಹಾಳೆಗಳ ಮೇಲೆ ನಕಲು ಮಾಡಿದ್ದರು. 1229ರಲ್ಲಿ ಅದನ್ನೇ ಕೆರೆದು, ಹಾಳೆಗಳನ್ನು ಅಡ್ಡ ತಿರುಗಿಸಿ ಮಡಚಿ, ಪ್ರಾರ್ಥನಾ ಪುಸ್ತಕ ಮಾಡಿದರು. 1906ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಡೆನ್ಮಾರ್ಕಿನ ವಿದ್ವಾಂಸ ಹೈಬರ್ಗ್ ಪ್ರಾರ್ಥನೆಗಳ ಅಡಿಯ ಮಸುಕು ಅಕ್ಷರಗಳನ್ನು ಓದಿ, ಇದು ಆರ್ಕಿಮಿಡೀಸನದು ಎಂದು ಗುರುತಿಸಿದರು. ಕ್ಷೇತ್ರಫಲ, ಗಾತ್ರಗಳನ್ನು ತಕ್ಕಡಿಯಲ್ಲಿ ತೂಗಿದಂತೆ ಲೆಕ್ಕ ಹಾಕುವ ಅವನ ‘ವಿಧಾನ’ ಎಂಬ ಕೃತಿ ಗ್ರೀಕ್‌ನಲ್ಲಿ ಉಳಿದಿರುವುದು ಈ ಒಂದೇ ಪ್ರತಿಯಲ್ಲಿ!

1998ರ ಹರಾಜಿನಲ್ಲಿ ಅದು 20 ಲಕ್ಷ ಡಾಲರ್‌ಗೆ ಹೋಯಿತು. ಕೊಂಡವರು ಅದನ್ನು ಬಾಲ್ಟಿಮೋರ್‌ನ ವಾಲ್ಟರ್ಸ್ ಕಲಾ ಸಂಗ್ರಹಾಲಯಕ್ಕೆ ಅಧ್ಯಯನಕ್ಕೆಂದು ಕೊಟ್ಟರು. ಅಲ್ಲಿ ಬೇರೆ ಬೇರೆ ಬಣ್ಣದ ಬೆಳಕಿನಲ್ಲಿ ಪ್ರತಿ ಪುಟದ ಚಿತ್ರ ತೆಗೆದು ಕಂಪ್ಯೂಟರ್‌ನಲ್ಲಿ ಸೇರಿಸಿದರು. ಕೆಲವು ಪುಟಗಳ ಮೇಲೆ 20ನೇ ಶತಮಾನದಲ್ಲಿ ಯಾರೋ ನಕಲಿ ಚಿತ್ರ ಬರೆದುಬಿಟ್ಟಿದ್ದರು. ಅವಕ್ಕೆ ಬೆಳಕು ಸಾಕಾಗಲಿಲ್ಲ. ಹಳೆಯ ಶಾಯಿಯಲ್ಲಿ ಕಬ್ಬಿಣ ಇತ್ತು, ಎಕ್ಸ್-ರೇ ಆ ಕಬ್ಬಿಣವನ್ನು ಹುಡುಕಿ ಅಕ್ಷರ ತೋರಿಸಿತು.

ನನ್ನನ್ನು ಜಾಸ್ತಿ ತಟ್ಟುವ ಸಂಗತಿ ಬೇರೆ ಇದೆ. ಪ್ರಾರ್ಥನೆ ಬರೆದದ್ದರಿಂದಲೇ ಆ ಹಾಳೆಗಳನ್ನು ಜನ ನೂರಾರು ವರ್ಷ ಜೋಪಾನ ಮಾಡಿದರು. ಅಳಿಸಿದ ಕೈಯೇ ಕಾಪಾಡಿತು ಅಲ್ವಾ?

ಈಗ ಕಟ್ಟಡಗಳಿಗೂ ಈ ಪದ ಬಳಸುತ್ತಾರೆ. ಸುಮ್ನೆ ಹಳೆಯದಾಗಿದ್ದರೆ ಸಾಲದು. ಕೆಳಗಿನ ಪದರ ಇನ್ನೂ ಓದಲು ಸಿಗಬೇಕು, ಆಗಲೇ ಪದ ಸರಿಯಾಗಿ ಕೂರುತ್ತದೆ. ರೋಮಿನ ಸಾನ್ ಕ್ಲೆಮೆಂತೆ ಚರ್ಚಿನಲ್ಲಿ ಮೆಟ್ಟಿಲಿಳಿದರೆ 12ನೇ ಶತಮಾನದ ಚರ್ಚಿನ ಅಡಿಯಲ್ಲಿ 4ನೇ ಶತಮಾನದ ಚರ್ಚು, ಅದರ ಅಡಿಯಲ್ಲಿ ಮಿತ್ರಾ ದೇವರ ಪೂಜಾಸ್ಥಳ ಸಿಗುತ್ತದೆ. ಸಿಸಿಲಿಯ ಸಿರಾಕ್ಯೂಸ್‌ನಲ್ಲಿ ಇಳಿಯುವುದೂ ಬೇಡ. ಅಥೀನಾ ದೇವಿಯ ಗುಡಿಯ ಕಂಬಗಳ ನಡುವೆ ಗೋಡೆ ಎಬ್ಬಿಸಿ ಅಲ್ಲಿ ಚರ್ಚು ಮಾಡಿದ್ದಾರೆ. ಕ್ರಿ.ಪೂ. 5ನೇ ಶತಮಾನದ ಆ ದಪ್ಪ ಕಂಬಗಳು ಗೋಡೆಯಿಂದ ಹೊರಗೆ ಉಬ್ಬಿ ನಿಂತಿವೆ, ರಸ್ತೆಯಲ್ಲಿ ಹೋಗುವವರಿಗೂ ಕಾಣುತ್ತವೆ. ಆ ಊರು ಆರ್ಕಿಮಿಡೀಸ್ ಹುಟ್ಟಿದ ಊರು.