ಮುಳ್ಳು ತುಳಿದ ಕಾಲು ಮತ್ತು ನೋವಿನ ಅಳತೆ

ಮುಳ್ಳು ತುಳಿದೊಡನೆ ಕಾಲು ತಾನಾಗಿ ಮೇಲಕ್ಕೇಳುತ್ತದೆ; ನೋವಾದ್ದರಿಂದ ಎತ್ತಿದೆವೆಂದು ನಾವು ಆಮೇಲೆ ಹೇಳುತ್ತೇವೆ. ವಾಸ್ತವದಲ್ಲಿ ಕಾಲನ್ನು ಮಡಿಸುವ ಆಜ್ಞೆ ಬೆನ್ನುಮೂಳೆಯೊಳಗಿನ ಮಿದುಳುಬಳ್ಳಿಯಿಂದಲೇ ಹೊರಡುತ್ತದೆ, ನೋವಿನ ಅರಿವು ಮೂಡುವುದು ಮಿದುಳಿನಲ್ಲಿ. ಈ ಎರಡನ್ನೂ ಒಂದೇ ಎಂದು ಭಾವಿಸಿದ್ದರಿಂದ ಹುಟ್ಟಿದ ತೊಡಕು ಇನ್ನೂ ಬಿಡಿಸಿಕೊಂಡಿಲ್ಲ.

1664ರಲ್ಲಿ ಪ್ರಕಟವಾದ ಫ್ರೆಂಚ್ ತತ್ತ್ವಜ್ಞಾನಿ ದೆಕಾರ್ತ್‌ನ ಬರಹದಲ್ಲಿ ಬೆಂಕಿಯ ಬಿಸಿಯ ಸುದ್ದಿ ಪಾದದಿಂದ ಎಳೆಯೊಂದರ ಮೂಲಕ ನೇರವಾಗಿ ಮಿದುಳನ್ನು ಮುಟ್ಟುತ್ತಿತ್ತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬ್ರಿಟಿಷ್ ಶರೀರವಿಜ್ಞಾನಿ ಚಾರ್ಲ್ಸ್ ಶೆರಿಂಗ್ಟನ್, ಮಿದುಳಿನ ಸಂಪರ್ಕ ಕಡಿದುಹೋದ ಪ್ರಾಣಿಯೂ ಕಾಲನ್ನು ಹಿಂದೆಳೆದುಕೊಳ್ಳುವುದನ್ನೂ, ಆಗ ಇನ್ನೊಂದು ಕಾಲು ದೇಹದ ಭಾರ ಹೊರಲು ಸೆಟೆದು ನಿಲ್ಲುವುದನ್ನೂ ವಿವರಿಸಿದರು. ಇಂಥ ಪ್ರಚೋದನೆಗೆ ಹೆಸರಿಡುವಾಗ ಅವರು ನೋವು ಎಂಬ ಪದವನ್ನು ಬಿಟ್ಟು, ಹಾನಿ ಎಂಬರ್ಥದ ಲ್ಯಾಟಿನ್ ಧಾತುವನ್ನು ಆರಿಸಿಕೊಂಡರು. ಆ ಎಚ್ಚರ ಮುಂದೆ ಸಡಿಲವಾಯಿತು.

1960ರಲ್ಲಿ ಸ್ವೀಡನ್ನಿನ ನರವಿಜ್ಞಾನಿ ಹಾಗ್‌ಬಾರ್ತ್ ಮನುಷ್ಯರ ಕಾಲುಗಳನ್ನು ಪರೀಕ್ಷಿಸಿದಾಗ, ಯಾವ ಸ್ನಾಯು ಬಿಗಿಯಬೇಕೆಂಬುದು ಚರ್ಮದ ಯಾವ ಭಾಗಕ್ಕೆ ಪೆಟ್ಟು ತಗುಲಿತೆಂಬುದನ್ನು ಅವಲಂಬಿಸಿದೆ ಎಂದು ಕಂಡುಬಂತು. ಅಂದರೆ ಇದು ಕುರುಡು ಸೆಳೆತವಲ್ಲ, ಅಪಾಯದ ಜಾಗವನ್ನಷ್ಟೇ ದೂರ ಸರಿಸುವ ಲೆಕ್ಕಾಚಾರ. ನಡೆಯುತ್ತಿರುವಾಗ ಹೆಜ್ಜೆಯ ಯಾವ ಘಟ್ಟದಲ್ಲಿ ಪ್ರಚೋದನೆ ಬಂತೆಂಬುದರ ಮೇಲೂ ಈ ಪ್ರತಿಕ್ರಿಯೆ ಬದಲಾಗುತ್ತದೆ.

ಎಪ್ಪತ್ತರ ದಶಕದಲ್ಲಿ ಇದೇ ವಿದ್ಯಮಾನ ಅಳತೆಗೋಲಾಯಿತು. ಪಾದದ ಕೀಲಿನ ಹೊರಬದಿಯ ಹಿಂದೆ ಹಾದುಹೋಗುವ ಸ್ಯೂರಲ್ ನರಕ್ಕೆ ವಿದ್ಯುತ್ ಮಿಡಿತ ನೀಡಿ, ತೊಡೆಯ ಹಿಂಭಾಗದ ಸ್ನಾಯುವಿನ ಚಟುವಟಿಕೆಯನ್ನು ದಾಖಲಿಸಿದರೆ ಎರಡು ಅಲೆಗಳು ಕಾಣುತ್ತವೆ. ಮೊದಲನೆಯದು ಸ್ಪರ್ಶದ ವೇಗದ ತಂತುಗಳಿಗೆ ಸೇರಿದ್ದು; ಸುಮಾರು 90ರಿಂದ 180 ಮಿಲಿಸೆಕೆಂಡುಗಳ ನಡುವೆ ಬರುವ ಎರಡನೆಯದು ನೋವಿನ ಸುದ್ದಿ ಹೊರುವ ತೆಳು ತಂತುಗಳಿಗೆ ಸೇರಿದ್ದು. ಈ ಎರಡನೆಯ ಅಲೆ ಕಾಣಿಸಿಕೊಳ್ಳುವ ಮಿಡಿತದ ಮಟ್ಟವೂ ವ್ಯಕ್ತಿಯು ನೋವೆಂದು ಹೇಳುವ ಮಟ್ಟವೂ ಬಹಳ ಹತ್ತಿರವಿವೆ ಎಂದು ಫ್ರಾನ್ಸಿನ ಸಂಶೋಧಕ ವಿಲೇರ್ 1977ರಲ್ಲಿ ತೋರಿಸಿದರು. ಮಾತಿನ ಹಂಗಿಲ್ಲದೆ ನೋವನ್ನು ಅಳೆಯಬಹುದೆಂಬ ಆಸೆ ಅಲ್ಲಿಂದ ಬಲವಾಯಿತು. ಆಸೆ ಸಹಜವಾದದ್ದೇ, ಅರಿವಳಿಕೆಯಲ್ಲಿರುವವರು, ಮಾತನಾಡಲಾಗದವರು ತಮ್ಮ ಸಂಕಟವನ್ನು ಹೇಳಿಕೊಳ್ಳಲಾರರು.

ಆದರೆ ಆ ಸಾಮೀಪ್ಯ ಎಲ್ಲ ಸಂದರ್ಭಗಳಲ್ಲೂ ಉಳಿಯುವುದಿಲ್ಲ. ಗಮನ ಬೇರೆಡೆ ಹೋದಾಗ, ಭಯ ಆವರಿಸಿದಾಗ ನೋವು ಒಂದು ದಿಕ್ಕಿಗೂ ಪ್ರತಿಕ್ರಿಯೆ ಇನ್ನೊಂದು ದಿಕ್ಕಿಗೂ ಸಾಗಬಹುದು. ದೀರ್ಘಕಾಲದ ನೋವಿನಿಂದ ಬಳಲುವವರಲ್ಲಿ ಆ ಅಲೆ ಕಾಣಿಸಿಕೊಳ್ಳುವ ಮಟ್ಟ ಸರಾಸರಿಯಲ್ಲಿ ಕೆಳಗಿದ್ದರೂ, ಆರೋಗ್ಯವಂತರ ಅಂಕಿಗಳೊಡನೆ ಅದು ಬೆರೆತುಹೋಗುವುದರಿಂದ, ಒಬ್ಬ ರೋಗಿಯ ಅಂಕಿಯೊಂದನ್ನು ಹಿಡಿದು ಆತನ ದೂರನ್ನು ಒಪ್ಪುವುದಾಗಲಿ ತಳ್ಳಿಹಾಕುವುದಾಗಲಿ ನ್ಯಾಯವಲ್ಲ. ಅಂತಾರಾಷ್ಟ್ರೀಯ ನೋವು ಅಧ್ಯಯನ ಸಂಘ 2020ರಲ್ಲಿ ಪರಿಷ್ಕರಿಸಿದ ವ್ಯಾಖ್ಯಾನದ ಟಿಪ್ಪಣಿಯೂ ನೋವು ಬೇರೆ, ಹಾನಿಯ ಸಂಕೇತ ಬೇರೆ ಎನ್ನುತ್ತದೆ; ನೋವಿದೆ ಎಂಬ ಮಾತನ್ನು ಗೌರವಿಸಬೇಕೆನ್ನುತ್ತದೆ.

ಈ ಭೇದವನ್ನು ಅತ್ಯಂತ ಸ್ಪಷ್ಟವಾಗಿ ತೋರಿಸುವವರು ಮಿದುಳುಬಳ್ಳಿ ಪೂರ್ತಿ ಕಡಿದುಹೋದವರು. ಅವರ ಕಾಲು ಮಿಡಿತಕ್ಕೆ ಮಡಿಯುತ್ತದೆ, ನೋವುನಿವಾರಕ ಮಾರ್ಫಿನ್ ಕೊಟ್ಟರೆ ಆ ಮಡಿಕೆ ಕುಗ್ಗುತ್ತದೆ. ಆದರೆ ಆ ಮಿಡಿತ ಅವರ ಅರಿವಿಗೆ ಬಂದಿರುವುದೇ ಇಲ್ಲ.