ಬೈಕಿನ ಫ್ರೇಮ್, ಕೊಡಗಿನ ರಸ್ತೆ ಮತ್ತು ಎರಡು ಬಗೆಯ ಸಾಫ್ಟ್‌ವೇರ್

ಮಳೆಗಾಲ ಮುಗಿಯುವ ಹೊತ್ತಿಗೆ ಕೊಡಗಿನ ರಸ್ತೆಗಳಲ್ಲಿ ಗುಂಡಿಗೇನೂ ಬರ ಇರುವುದಿಲ್ಲ. ತೋಟದೊಳಗಿನ ಮಣ್ಣು ದಾರಿಗಳು ಇನ್ನೂ ಒರಟು. ಅಂಥ ದಾರಿಯಲ್ಲಿ ಹಿಂದೆ ಗೊಬ್ಬರದ ಮೂಟೆ ಕಟ್ಟಿಕೊಂಡು ಬೈಕ್ ಓಡುತ್ತದೆ. ವರ್ಷಗಟ್ಟಲೆ ಓಡಿದರೂ ಅದರ ಫ್ರೇಮ್ ವೆಲ್ಡಿಂಗ್ ಬಳಿ ಬಿರುಕು ಬಿಡಬಾರದು. ಇದನ್ನು ವಿನ್ಯಾಸ ಮಾಡುವಾಗಲೇ ಲೆಕ್ಕ ಹಾಕಬೇಕು. ಆ ಲೆಕ್ಕಕ್ಕೆ ಸಾಫ್ಟ್‌ವೇರ್ ಕೊಳ್ಳಬೇಕಾ, ಬೈಕ್ ಕಂಪನಿಯೇ ಬರೆದುಕೊಳ್ಳಬೇಕಾ?

ಫ್ರೇಮಿನ ಆಕಾರ ಬರೆಯುವುದು, ಅದನ್ನು ಲಕ್ಷಾಂತರ ಸಣ್ಣ ತುಂಡುಗಳಾಗಿ ಒಡೆದು ಯಾವ ತುಂಡಿಗೆ ಎಷ್ಟು ಒತ್ತಡ ಎಂದು ನೋಡುವುದು: ಇವೆರಡಕ್ಕೂ ಕೊಂಡ ಸಾಫ್ಟ್‌ವೇರೇ ಸರಿ. ದಶಕಗಳಿಂದ ಸಾವಿರಾರು ಜನ ಬಳಸಿ, ತಪ್ಪು ಹಿಡಿದು, ತಿದ್ದಿಸಿದ್ದಾರೆ. ಮುಂದಿನ ಚಕ್ರ ಹಿಡಿದಿಡುವ ಫೋರ್ಕನ್ನು ಮಾಡಿಕೊಡುವವರೂ ಅದೇ ಫೈಲ್ ತೆರೆಯಬಹುದು. ಇದನ್ನು ಮತ್ತೆ ಮೊದಲಿನಿಂದ ಬರೆಯುವುದು ಸುಮ್ನೆ ದುಡ್ಡು ದಂಡ.

ಹಾಗಂತ ಇವು ಮಾರಾಟಕ್ಕೆಂದೇ ಹುಟ್ಟಿದವಲ್ಲ. ಆಕಾರ ಬರೆಯುವ ಕಾಟಿಯಾವನ್ನು ಫ್ರಾನ್ಸಿನ ಡಸಾಲ್ಟ್ ವಿಮಾನ ಕಂಪನಿ 1977ರಲ್ಲಿ ತನ್ನ ಕೆಲಸಕ್ಕೆಂದೇ ಬರೆಯಲು ಶುರು ಮಾಡಿತು. ಅದನ್ನು ಮಾರಲು 1981ರಲ್ಲಿ ಬೇರೆ ಕಂಪನಿ ಕಟ್ಟಿದರು. ಒತ್ತಡ ಲೆಕ್ಕ ಹಾಕುವ ನಾಸ್ಟ್ರಾನ್ ನಾಸಾದ ಕೂಸು. ಇದಕ್ಕೆ ಉಲ್ಟಾ ಆದದ್ದೂ ಇದೆ. 1959ರಲ್ಲಿ ಸಿಟ್ರೊಯೆನ್ ಕಂಪನಿಯ ಪಾಲ್ ಡಿ ಕ್ಯಾಸ್ಟೆಲ್ಜೊ ಕಾರಿನ ಬಾಗಿದ ಮೈಯನ್ನು ಗಣಿತದಲ್ಲಿ ಬರೆಯುವ ದಾರಿ ಕಂಡುಕೊಂಡರು. ಕಂಪನಿ ಅದನ್ನು ಗುಟ್ಟಾಗಿಟ್ಟಿತು. ಅತ್ತ ರೆನೋದಲ್ಲಿದ್ದ ಪಿಯರ್ ಬೆಜಿಯೆ ಅಂಥದ್ದನ್ನೇ ರೂಪಿಸಿ ಪ್ರಕಟಿಸಿದರು. ಇವತ್ತು ಆ ಗೆರೆಗಳಿಗೆ ಇರುವುದು ಬೆಜಿಯೆ ಹೆಸರು.

ಈಗ ಬಿರುಕಿನ ವಿಷಯಕ್ಕೆ ಬರೋಣ. ಲೋಹ ಒಂದೇ ಏಟಿಗೆ ಮುರಿಯುವುದು ಅಪರೂಪ. ಸಣ್ಣ ಸಣ್ಣ ಏಟುಗಳನ್ನು ಲಕ್ಷಾಂತರ ಸಲ ತಿಂದು ದಣಿಯುತ್ತದೆ. ಉಕ್ಕಿನ ವೆಲ್ಡಿಂಗಿನಲ್ಲಿ ಒತ್ತಡದ ಏರಿಳಿತ ಎರಡು ಪಟ್ಟಾದರೆ ಹಾನಿ ಸುಮಾರು ಎಂಟು ಪಟ್ಟಾಗುತ್ತದೆ. ಆದ್ದರಿಂದ ದೊಡ್ಡ ಏರಿಳಿತ ಎಷ್ಟು, ಚಿಕ್ಕದು ಎಷ್ಟು ಎಂದು ಸರಿಯಾಗಿ ಎಣಿಸಲೇಬೇಕು. ತೊಡಕು ಏನೆಂದರೆ, ಬೈಕ್ ಓಡುವಾಗ ದೊಡ್ಡ ಏರಿಳಿತದ ಒಳಗೇ ಚಿಕ್ಕವು ಅಡಗಿರುತ್ತವೆ. ಇದನ್ನು 1968ರಲ್ಲಿ ಜಪಾನಿನ ಎಂಡೊ ಮತ್ತು ಮಾತ್ಸುಯಿಶಿ ಚೆಂದವಾಗಿ ಬಿಡಿಸಿದರು. ಒತ್ತಡದ ಗ್ರಾಫನ್ನು ನೆಟ್ಟಗೆ ನಿಲ್ಲಿಸಿದರೆ ಅದರ ಏರಿಳಿತಗಳು ಒಂದರ ಕೆಳಗೊಂದು ಮಾಡುಗಳ ಹಾಗೆ ಕಾಣುತ್ತವೆ. ಮೇಲಿನ ಮಾಡಿನ ಮಳೆನೀರು ಕೆಳಗಿನ ಮಾಡಿಗೆ ಸುರಿದು ಹರಿಯುತ್ತದೆ ಎಂದುಕೊಳ್ಳಿ. ಪ್ರತಿ ಧಾರೆ ಎಲ್ಲಿ ಹೊರಟಿತು, ಎಲ್ಲಿ ನಿಂತಿತು ಎಂಬುದರಿಂದ ಒಂದೊಂದು ಏರಿಳಿತದ ಅಳತೆ ಸಿಗುತ್ತದೆ. ರೇನ್‌ಫ್ಲೋ ಎಂಬ ಈ ವಿಧಾನ ಈಗಲೂ ಬಳಕೆಯಲ್ಲಿದೆ.

ಎಣಿಸುವ ಈ ಸೂತ್ರ ಕೊಂಡ ಸಾಫ್ಟ್‌ವೇರಿನಲ್ಲೂ ಸಿಗುತ್ತದೆ. ಅದರಲ್ಲಿ ಸಿಗದೇ ಇರುವುದು ನಮ್ಮ ರಸ್ತೆ. ನೂರು ಕಿಲೋಮೀಟರಿನಲ್ಲಿ ಎಷ್ಟು ತೋಟದ ದಾರಿ, ಎಷ್ಟು ಸಂಪಾಜೆ ಘಾಟಿ, ಎಷ್ಟು ಹೊತ್ತು ಇಬ್ಬರ ಸವಾರಿ? ನಮ್ಮ ವೆಲ್ಡಿಂಗ್ ಪರೀಕ್ಷೆಯಲ್ಲಿ ಎಷ್ಟು ತಾಳಿತು? ಕಂಪನಿ ತನ್ನ ಸ್ವಂತ ಕೋಡನ್ನು ಬರೆಯಬೇಕಾದದ್ದು ಇಲ್ಲಿ, ಇಷ್ಟಕ್ಕೇ. ಅದೂ ಬರೆದವನು ಕೆಲಸ ಬಿಟ್ಟ ಮೇಲೂ ಬೇರೆಯವರಿಗೆ ಓದಲು ಬರಬೇಕು. ಹೊಸ ಆವೃತ್ತಿ ಬಂದಾಗಲೆಲ್ಲ ಹಳೆಯ ಫ್ರೇಮಿನ ಲೆಕ್ಕ ಮತ್ತೆ ಮಾಡಿಸಿ, ಉತ್ತರ ತಾಳೆ ನೋಡಬೇಕು. ಇಷ್ಟು ಶಿಸ್ತು ಇಲ್ಲದಿದ್ದರೆ ಸ್ವಂತ ಕೋಡ್ ಬೇಡವೇ ಬೇಡ.

ಪೊನ್ನಂಪೇಟೆಯಲ್ಲಿ ಇಂಜಿನಿಯರಿಂಗ್ ಓದುವ ಮಕ್ಕಳಿಗೆ ಇದು ಒಳ್ಳೆಯ ಪ್ರಾಜೆಕ್ಟ್ ಆಗುತ್ತದೆ. ರೇನ್‌ಫ್ಲೋ ಕೋಡ್ ಬರೆಯಲು ಪೈಥಾನ್ ಭಾಷೆ ಸಾಕು. ಲೋಹ ಎಷ್ಟು ಹಿಗ್ಗಿತು ಎಂದು ಅಳೆಯುವ ಸ್ಟ್ರೇನ್ ಗೇಜನ್ನು ಫ್ರೇಮಿಗೆ ಅಂಟಿಸಿ ಘಾಟಿ ಇಳಿದರೆ ಅಂಕಿಅಂಶ ಕೈಗೆ ಬರುತ್ತದೆ. ಮೊದಲ ಗೇಜನ್ನು ಹ್ಯಾಂಡಲ್ ತಿರುಗುವ ಕೊಳವೆಯ ಪಕ್ಕದ ವೆಲ್ಡಿಂಗ್ ಹತ್ತಿರ ಅಂಟಿಸಿ. ಇಳಿಜಾರಿನಲ್ಲಿ ಮುಂದಿನ ಬ್ರೇಕ್ ಹಿಡಿದಾಗ ಫೋರ್ಕಿನ ಒತ್ತಡವೆಲ್ಲ ಫ್ರೇಮಿಗೆ ಇಳಿಯುವುದು ಅಲ್ಲಿಂದಲೇ.